ಟ್ರೇಸಿ ಜಾಕ್ಸನ್ ಪಟ್ನಮ್

ಟ್ರೇಸಿ ಜಾಕ್ಸನ್ ಪಟ್ನಮ್ (1894–1975) ಅಮೆರಿಕ ಸಂಯುಕ್ತ ಸಂಸ್ಥಾನದ ನರರೋಗತಜ್ಞರು ಹಾಗೂ ನರಶಸ್ತ್ರಚಿಕಿತ್ಸಕರು. ಹ್ಯೂಸ್ಟನ್ ಮೆರಿಟ್ ಅವರೊಡನೆ ಫೆನಿಟಾಯಿನ್ ಎಂಬ ರಾಸಾಯನಿಕದ ಅಪಸ್ಮಾರನಿರೋಧಕ ಗುಣವನ್ನು ಕಂಡುಹಿಡಿದವರೆಂದು ಇವರು ವೈದ್ಯಕೀಯ ಇತಿಹಾಸದಲ್ಲಿ ಪ್ರಸಿದ್ಧರು. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ರೋಗಕ್ಕೆ ಮಿದುಳಿನ ಕಿರು ಅಭಿಧಮನಿಗಳಲ್ಲಿ ಉಂಟಾಗುವ ತಡೆಯೇ ಕಾರಣವೆಂಬ ಸಿದ್ಧಾಂತವನ್ನು ಮಂಡಿಸಿ, ಅದನ್ನು ನಾಯಿಗಳ ಮೇಲಿನ ಪ್ರಯೋಗಗಳಿಂದ ಪರೀಕ್ಷಿಸಿದವರಲ್ಲಿ ಇವರು ಪ್ರಮುಖರು. ಪ್ರಾಣಿಗಳ ಮೇಲೆ ನಡೆಸಿದ ಈ ಎರಡು ಸಂಶೋಧನೆಗಳ ಪೈಕಿ ಮೊದಲನೆಯದು ಇಂದಿಗೂ ಬಳಕೆಯಲ್ಲಿರುವ ಔಷಧವೊಂದನ್ನು ನೀಡಿತು. ಎರಡನೆಯದು ರೋಗದ ಕಾರಣವನ್ನು ಸ್ಥಾಪಿಸುವಲ್ಲಿ ವಿಫಲವಾಯಿತು.

ಮನೆತನ ಮತ್ತು ವಿದ್ಯಾಭ್ಯಾಸ

ಪಟ್ನಮ್ ಅವರು 1894ರಲ್ಲಿ ಬಾಸ್ಟನ್ ನಗರದ ವೈದ್ಯ ಮನೆತನವೊಂದರಲ್ಲಿ ಜನಿಸಿದರು. ತಂದೆ ಚಾರ್ಲ್ಸ್ ಪಿಕರಿಂಗ್ ಪಟ್ನಮ್ ಮಕ್ಕಳ ವೈದ್ಯರಾಗಿದ್ದರು. ಚಿಕ್ಕಪ್ಪ ಜೇಮ್ಸ್ ಜಾಕ್ಸನ್ ಪಟ್ನಮ್ ಹಾರ್ವರ್ಡ್ ವಿಶ್ವವಿದ್ಯಾಲಯದ ನರರೋಗ ಪ್ರಾಧ್ಯಾಪಕರಾಗಿದ್ದು, ಅಮೆರಿಕದಲ್ಲಿ ಮನೋವಿಶ್ಲೇಷಣೆಗೆ ನೆಲೆ ಒದಗಿಸಿದವರಲ್ಲಿ ಒಬ್ಬರು. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸ್ಥಾಪಕರಲ್ಲೊಬ್ಬರಾದ ಜೇಮ್ಸ್ ಜಾಕ್ಸನ್ ಈ ಮನೆತನದ ಪೂರ್ವಿಕರು.

ಟ್ರೇಸಿ ಪಟ್ನಮ್ ಹಾರ್ವರ್ಡ್ ಕಾಲೇಜಿನಲ್ಲಿ ಪದವಿಯನ್ನೂ 1920ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಿಂದ ವೈದ್ಯ ಪದವಿಯನ್ನೂ ಪಡೆದರು. ಬಳಿಕ ಆಧುನಿಕ ನರಶಸ್ತ್ರಚಿಕಿತ್ಸೆಯ ಪ್ರವರ್ತಕರಾದ ಹಾರ್ವೆ ಕುಶಿಂಗ್ ಅವರ ಬಳಿ ತರಬೇತಿ ಪಡೆದರು. ತಲೆಗೆ ಪೆಟ್ಟು ಬಿದ್ದ ಕೆಲಕಾಲದ ನಂತರ ಮಿದುಳಿನ ಹೊರಪೊರೆಯಡಿಯಲ್ಲಿ ರಕ್ತ ಸಂಗ್ರಹವಾಗುವ ಸ್ಥಿತಿಯನ್ನು ಕುರಿತು ಗುರುಶಿಷ್ಯರಿಬ್ಬರೂ 1925ರಲ್ಲಿ ಪ್ರಕಟಿಸಿದ ಲೇಖನ ಆ ವಿಷಯದ ಮುಖ್ಯ ಬರಹಗಳಲ್ಲಿ ಒಂದೆನಿಸಿದೆ. ಇದೇ ದಶಕದಲ್ಲಿ ಪಟ್ನಮ್ ತಮ್ಮ ಸಹೋದ್ಯೋಗಿಗಳೊಡನೆ ಪಿಟ್ಯುಟರಿ ಗ್ರಂಥಿಯ ಸಾರವನ್ನು ನಾಯಿಗೆ ಚುಚ್ಚಿ, ಮನುಷ್ಯರಲ್ಲಿ ಕಾಣುವ ಅಕ್ರೋಮೆಗಲಿ ಎಂಬ ಅತಿಬೆಳವಣಿಗೆಯ ರೋಗವನ್ನು ಹೋಲುವ ಸ್ಥಿತಿಯನ್ನು ಉಂಟುಮಾಡಿದರು. ರೋಗದ ಕಾರಣವನ್ನು ಊಹಿಸಿದ ಮೇಲೆ ಆ ಕಾರಣವನ್ನು ಪ್ರಾಣಿಯಲ್ಲಿ ಕೃತಕವಾಗಿ ಸೃಷ್ಟಿಸಿ ನೋಡಬೇಕೆಂಬ ಕ್ರಮ ಅವರ ಮುಂದಿನ ಕೆಲಸದಲ್ಲೆಲ್ಲ ಕಂಡುಬರುತ್ತದೆ.

ಬಾಸ್ಟನ್ ಸಿಟಿ ಆಸ್ಪತ್ರೆ ಮತ್ತು ಫೆನಿಟಾಯಿನ್

1934ರಲ್ಲಿ ಪಟ್ನಮ್ ಅವರು ಸ್ಟ್ಯಾನ್ಲಿ ಕಾಬ್ ಅವರ ನಂತರ ಬಾಸ್ಟನ್ ಸಿಟಿ ಆಸ್ಪತ್ರೆಯ ನರರೋಗ ವಿಭಾಗದ ಮುಖ್ಯಸ್ಥರಾದರು. ಅಪಸ್ಮಾರ ತಜ್ಞ ವಿಲಿಯಂ ಲೆನಾಕ್ಸ್, ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯಲ್ಲಿ ಹೆಸರಾದ ಫ್ರೆಡರಿಕ್ ಗಿಬ್ಸ್, ಹ್ಯೂಸ್ಟನ್ ಮೆರಿಟ್ ಮೊದಲಾದವರು ಆ ವಿಭಾಗದಲ್ಲಿದ್ದರು. ಅದೇ ವರ್ಷ ಪಟ್ನಮ್ ಜಲಶಿರ ರೋಗಕ್ಕೆ (ಮಿದುಳಿನ ಕುಳಿಗಳಲ್ಲಿ ದ್ರವ ತುಂಬಿ ಮಗುವಿನ ತಲೆ ಊದುವ ರೋಗ) ಎಂಡೋಸ್ಕೋಪ್ ಬಳಸಿ ಚಿಕಿತ್ಸೆ ಮಾಡುವ ವಿಧಾನವನ್ನು ಪ್ರಕಟಿಸಿದರು.

ಆಗ ಅಪಸ್ಮಾರಕ್ಕೆ ಬ್ರೋಮೈಡ್ ಮತ್ತು 1912ರಿಂದ ಬಳಕೆಗೆ ಬಂದ ಫೀನೋಬಾರ್ಬಿಟಾಲ್ ಇವೆರಡೇ ಮುಖ್ಯ ಔಷಧಗಳಾಗಿದ್ದವು. ಎರಡೂ ರೋಗಿಯನ್ನು ಮಂಪರಿಗೆ ತಳ್ಳುತ್ತಿದ್ದವು. ನಿದ್ದೆ ತರಿಸುವ ಗುಣವೇ ಸೆಳವನ್ನು ತಡೆಯುತ್ತದೆ ಎಂಬುದು ಅಂದಿನ ಸಾಮಾನ್ಯ ನಂಬಿಕೆ. ಆ ಎರಡು ಗುಣಗಳು ಬೇರೆ ಬೇರೆಯಾಗಿರಬಹುದೆಂದು ಪಟ್ನಮ್ ಭಾವಿಸಿದರು. ಫೀನೋಬಾರ್ಬಿಟಾಲ್‌ನಲ್ಲಿರುವ ಫಿನೈಲ್ ಎಂಬ ರಾಸಾಯನಿಕ ಗುಂಪನ್ನೇ ಹೊಂದಿರುವ ಇತರ ಸಂಯುಕ್ತಗಳನ್ನು ಪಾರ್ಕ್–ಡೇವಿಸ್ ಔಷಧ ಕಂಪನಿಯಿಂದ ತರಿಸಿಕೊಂಡರು.

ಪರೀಕ್ಷೆಗೆ ಆರಿಸಿಕೊಂಡದ್ದು ಬೆಕ್ಕುಗಳನ್ನು. ಬೆಕ್ಕಿನ ತಲೆಯ ಮೂಲಕ ಅಳತೆ ಮಾಡಿದ ವಿದ್ಯುತ್ತನ್ನು ಹಾಯಿಸಿ, ಎಷ್ಟು ವಿದ್ಯುತ್ತಿಗೆ ಸೆಳವು ಬರುತ್ತದೆಂದು ಗುರುತಿಸಲಾಗುತ್ತಿತ್ತು. ಔಷಧ ಕೊಟ್ಟ ನಂತರ ಅದೇ ಬೆಕ್ಕಿಗೆ ಸೆಳವು ಬರಿಸಲು ಹೆಚ್ಚು ವಿದ್ಯುತ್ ಬೇಕಾದರೆ ಆ ಔಷಧದಲ್ಲಿ ಗುಣವಿದೆಯೆಂದು ಎಣಿಸಲಾಗುತ್ತಿತ್ತು. ಜರ್ಮನಿಯ ಹೈನ್ರಿಕ್ ಬಿಲ್ಟ್ಸ್ 1908ರಲ್ಲಿ ತಯಾರಿಸಿದ್ದ, ನಿದ್ದೆ ತರಿಸದ ಕಾರಣ ಉಪಯೋಗವಿಲ್ಲವೆಂದು ಬದಿಗಿಟ್ಟಿದ್ದ ಡೈಫಿನೈಲ್ ಹೈಡಾಂಟೋಯಿನ್ ಈ ಪರೀಕ್ಷೆಯಲ್ಲಿ ಎದ್ದು ಕಂಡಿತು. ಇದೇ ಮುಂದೆ ಫೆನಿಟಾಯಿನ್ ಎಂದು ಹೆಸರಾಯಿತು. ಪ್ರಾಣಿಗಳ ಮೇಲಿನ ಫಲಿತಾಂಶ 1937ರಲ್ಲಿ ಸೈನ್ಸ್ ಪತ್ರಿಕೆಯಲ್ಲಿಯೂ ರೋಗಿಗಳಲ್ಲಿ ಕಂಡ ಫಲಿತಾಂಶ 1938ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿಯೂ ಪ್ರಕಟವಾದವು. ಹಿಂದಿನ ಔಷಧಗಳಿಂದ ಗುಣ ಕಾಣದಿದ್ದ ದೊಡ್ಡ ಸೆಳವಿನ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೆಳವು ನಿಂತಿತ್ತು. ವಸಡು ಊದುವುದು, ನಡಿಗೆಯಲ್ಲಿ ತೂರಾಡುವುದು ಮುಂತಾದ ಅಡ್ಡಪರಿಣಾಮಗಳಿದ್ದರೂ ಔಷಧ ಬೇಗನೆ ಜಗತ್ತಿನೆಲ್ಲೆಡೆ ಹರಡಿತು.

ಎಂ.ಎಸ್. ರೋಗ ಮತ್ತು ರಕ್ತನಾಳ ಸಿದ್ಧಾಂತ

ಬೆಕ್ಕುಗಳ ಪರೀಕ್ಷೆ ಆರಂಭವಾಗುವ ಮೊದಲೇ, 1930ರ ದಶಕದ ಆದಿಯಿಂದ ಪಟ್ನಮ್ ಎಂ.ಎಸ್. ರೋಗದ ಬೆನ್ನು ಹತ್ತಿದ್ದರು. ಈ ರೋಗದಲ್ಲಿ ಮಿದುಳು, ಬೆನ್ನುಹುರಿ ಮತ್ತು ದೃಷ್ಟಿನರಗಳಲ್ಲಿ ನರತಂತುಗಳನ್ನು ಸುತ್ತುವರಿದ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಅಲ್ಲಲ್ಲಿ ನಾಶವಾಗಿ ಗಟ್ಟಿ ಮಚ್ಚೆಗಳು ಉಳಿಯುತ್ತವೆ. ದೃಷ್ಟಿ ಮಂದವಾಗುವುದು, ಕೈಕಾಲು ಜೋಮು ಹಿಡಿಯುವುದು, ಬಲಗುಂದುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು ಇದರ ಲಕ್ಷಣಗಳು. ಹೆಚ್ಚಾಗಿ 20ರಿಂದ 40 ವರ್ಷದೊಳಗಿನವರಲ್ಲಿ, ಅದರಲ್ಲೂ ಸ್ತ್ರೀಯರಲ್ಲಿ ಆರಂಭವಾಗುತ್ತದೆ. ಅನೇಕರಲ್ಲಿ ರೋಗ ಒಮ್ಮೆ ಕೆರಳಿ, ತಾನಾಗಿಯೇ ಇಳಿದು, ತಿಂಗಳುಗಳ ಅಥವಾ ವರ್ಷಗಳ ನಂತರ ಮತ್ತೆ ಮರುಕಳಿಸುತ್ತದೆ. ಶೀತ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಇದು ಕಡಿಮೆ. ಮಂಗಳೂರು ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಲಕ್ಷ ಜನರಿಗೆ ಸುಮಾರು 8 ರೋಗಿಗಳಿರುವುದನ್ನು ಗುರುತಿಸಿತು.

ರಕ್ತನಾಳಗಳಿಗೂ ಈ ಮಚ್ಚೆಗಳಿಗೂ ಸಂಬಂಧವಿದೆಯೆಂಬ ಸಂದೇಹ ಪಟ್ನಮ್ ಅವರಿಗಿಂತ ಹಳೆಯದು. ಜರ್ಮನಿಯ ಎಡ್ವರ್ಡ್ ರಿಂಡ್‌ಫ್ಲೈಶ್ 1863ರಲ್ಲಿಯೇ ಮಚ್ಚೆಗಳ ನಡುವೆ ಊದಿಕೊಂಡ ರಕ್ತನಾಳವಿರುವುದನ್ನು ಗಮನಿಸಿದ್ದರು. 1868ರಲ್ಲಿ ಪ್ಯಾರಿಸ್ಸಿನ ಜಾನ್ ಮಾರ್ತಾ ಶಾರ್ಕೊ ರೋಗದ ಸ್ಪಷ್ಟ ವಿವರಣೆ ನೀಡಿದರು. 1916ರಲ್ಲಿ ಎಡಿನ್‌ಬರೋದ ಜೇಮ್ಸ್ ಡಾಸನ್, ಮಿದುಳಿನ ಕುಳಿಗಳ ಅಂಚಿನಿಂದ ಅಭಿಧಮನಿಗಳ ಗುಂಟ ಬೆರಳುಗಳಂತೆ ಚಾಚಿದ ಮಚ್ಚೆಗಳನ್ನು ವರ್ಣಿಸಿದರು. ಮಚ್ಚೆಗಳು ಅಭಿಧಮನಿಗಳ ಸುತ್ತ ಇರುತ್ತವೆ ಎಂಬುದು ಹೀಗೆ ಕಣ್ಣಿಗೆ ಕಂಡ ಸಂಗತಿ. ಅಭಿಧಮನಿಯೇ ಮಚ್ಚೆಗೆ ಕಾರಣವೇ, ಅಥವಾ ಬೇರಾವುದೋ ಕಾರಣ ಅಭಿಧಮನಿಯ ಮಾರ್ಗವಾಗಿ ಒಳಬರುತ್ತದೆಯೇ ಎಂಬುದು ಶವದ ಮಿದುಳನ್ನು ನೋಡಿ ನಿರ್ಧರಿಸಲಾಗದ ಪ್ರಶ್ನೆಯಾಗಿತ್ತು. ಅದಕ್ಕಾಗಿ ಪಟ್ನಮ್ ಪ್ರಾಣಿಪ್ರಯೋಗದ ಮೊರೆಹೋದರು.

ನಾಯಿಗಳ ಮೇಲಿನ ಪ್ರಯೋಗಗಳು

ಮೊದಲ ಹಂತದಲ್ಲಿ ಪಟ್ನಮ್ ಮತ್ತು ಸಹೋದ್ಯೋಗಿಗಳು ನಾಯಿಗಳಿಗೆ ಧನುರ್ವಾಯು ವಿಷವನ್ನು ಚುಚ್ಚಿ, ಕೆಲವು ನಾಯಿಗಳ ನರಮಂಡಲದಲ್ಲಿ ಎಂ.ಎಸ್. ಮಚ್ಚೆಗಳನ್ನು ಹೋಲುವ ಗಾಯಗಳುಂಟಾದುದನ್ನು 1931 ಮತ್ತು 1932ರ ಲೇಖನಗಳಲ್ಲಿ ವರದಿ ಮಾಡಿದರು. 1933ರಲ್ಲಿ ಪಟ್ನಮ್ ರೋಗೋತ್ಪತ್ತಿಯಲ್ಲಿ ರಕ್ತನಾಳಗಳ ಪಾತ್ರವಿರಬಹುದೆಂಬ ತಮ್ಮ ವಾದವನ್ನು ನ್ಯೂ ಇಂಗ್ಲೆಂಡ್ ವೈದ್ಯಕೀಯ ಪತ್ರಿಕೆಯಲ್ಲಿ ಮಂಡಿಸಿದರು. ಅವರ ಊಹೆಯ ಪ್ರಕಾರ, ರಕ್ತದ ಹೆಪ್ಪುಗಟ್ಟುವ ಗುಣದಲ್ಲಿ ಏರುಪೇರಾಗಿ ಕಿರು ಅಭಿಧಮನಿಗಳಲ್ಲಿ ಹೆಪ್ಪು ಕೂಡುತ್ತದೆ. ರಕ್ತ ಮುಂದೆ ಹರಿಯದೆ ಸುತ್ತಲಿನ ಮಯಲಿನ್ ಹಾಳಾಗುತ್ತದೆ. ಕ್ರಮೇಣ ಹೆಪ್ಪು ಕರಗಿ ನಾಳ ತೆರೆದುಕೊಂಡರೂ ಮಚ್ಚೆ ಉಳಿಯುತ್ತದೆ. ರೋಗ ಕೆರಳಿ ಇಳಿಯುವ ಕ್ರಮವನ್ನೂ ಈ ಊಹೆ ವಿವರಿಸುವಂತೆ ತೋರಿತು.

ಇದನ್ನು ನೇರವಾಗಿ ಪರೀಕ್ಷಿಸಲು ಅವರು ನಾಯಿಗಳ ತಲೆಬುರುಡೆಯಡಿಯ ದೊಡ್ಡ ಅಭಿಧಮನಿ ಮಾರ್ಗದೊಳಕ್ಕೆ ಎಣ್ಣೆಯಂತಹ ತಡೆಯೊಡ್ಡುವ ಪದಾರ್ಥಗಳನ್ನು ಸೇರಿಸಿ ಮಿದುಳಿನ ಕಿರು ಅಭಿಧಮನಿಗಳನ್ನು ಮುಚ್ಚಿದರು. 1935ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಲ್ಪಕಾಲ ಬದುಕಿದ ನಾಯಿಗಳ ಮಿದುಳಿನಲ್ಲಿ ಉರಿಯೂತದ ಚಿತ್ರವೂ ಹೆಚ್ಚು ಕಾಲ ಬದುಕಿದವುಗಳಲ್ಲಿ ಮಯಲಿನ್ ಕಳೆದುಕೊಂಡ ಗಟ್ಟಿ ಮಚ್ಚೆಗಳೂ ಕಂಡುಬಂದವು. ಒಂದೇ ತಡೆಯಿಂದ ಕಾಲಾನುಕ್ರಮದಲ್ಲಿ ಎರಡೂ ಬಗೆಯ ಗಾಯಗಳು ಹುಟ್ಟಿದ್ದು ಅವರ ದೃಷ್ಟಿಯಲ್ಲಿ ಸಿದ್ಧಾಂತಕ್ಕೆ ದೊರೆತ ಬಲವಾದ ಬೆಂಬಲ.

ಇದಕ್ಕೆ ಪೂರಕವಾಗಿ ಅವರು ಮಾನವ ಮಿದುಳಿನ ಅಧ್ಯಯನವನ್ನೂ ನಡೆಸಿದರು. ಮನೋವಿಜ್ಞಾನಿ ಆಲ್ಫ್ರೆಡ್ ಆಡ್ಲರ್ ಅವರ ಮಗಳು, ವಿಯೆನ್ನಾದಿಂದ ಬಾಸ್ಟನ್‌ಗೆ ಬಂದು ನೆಲೆಸಿದ ನರರೋಗತಜ್ಞೆ ಅಲೆಕ್ಸಾಂಡ್ರಾ ಆಡ್ಲರ್ ಅವರೊಡನೆ 1937ರಲ್ಲಿ ಎಂ.ಎಸ್. ಮಚ್ಚೆಗಳ ರಕ್ತನಾಳ ರಚನೆಯನ್ನು ಕುರಿತು ಬರೆದರು. ಮಚ್ಚೆಗಳ ಬಳಿಯ ಅಭಿಧಮನಿಗಳು ಹಿಗ್ಗಿ ವಿಕಾರಗೊಂಡಿರುವುದನ್ನು ಇಬ್ಬರೂ ದಾಖಲಿಸಿದರು.

ಆಕ್ಷೇಪಗಳು ಮತ್ತು ಪ್ರತಿಸ್ಪರ್ಧಿ ಮಾದರಿ

ಸಿದ್ಧಾಂತಕ್ಕೆ ಎದುರಾದ ಮುಖ್ಯ ಆಕ್ಷೇಪಗಳು ಎರಡು. ನಾಯಿಯ ಮಚ್ಚೆ ಒಮ್ಮೆ ಮಾಡಿದ ಗಾಯದ ಕಲೆ. ಅದು ಮರುಕಳಿಸುವ ರೋಗವಲ್ಲ. ತಡೆಯಿಂದ ಮಚ್ಚೆ ಹುಟ್ಟಬಲ್ಲದೆಂದು ಪ್ರಯೋಗ ತೋರಿಸಿತೇ ಹೊರತು ಮನುಷ್ಯರ ಮಚ್ಚೆ ತಡೆಯಿಂದಲೇ ಹುಟ್ಟುತ್ತದೆಂದು ತೋರಿಸಲಿಲ್ಲ. ಎರಡನೆಯದಾಗಿ, ಮಾನವ ಮಿದುಳಿನಲ್ಲಿ ಹೆಪ್ಪುಗಳನ್ನು ಹುಡುಕಿದ ಇತರರಿಗೆ ಅವು ನಿಯತವಾಗಿ ದೊರೆಯಲಿಲ್ಲ. 1942ರಲ್ಲಿ ಡೌ ಮತ್ತು ಬರ್ಗ್‌ಲುಂಡ್ ಮಚ್ಚೆಗಳ ರಕ್ತನಾಳ ವಿನ್ಯಾಸವನ್ನು ಪರಿಶೀಲಿಸಿ, ಎಲ್ಲ ಮಚ್ಚೆಗಳೂ ಅಭಿಧಮನಿಯ ಸುತ್ತಲೇ ಇರುವುದಿಲ್ಲವೆಂದೂ ಹೆಪ್ಪುಗಳು ವಿರಳವೆಂದೂ ಕಂಡುಕೊಂಡರು.

ಇದೇ ವೇಳೆಗೆ ಬೇರೊಂದು ಪ್ರಾಣಿಮಾದರಿ ರೂಪುಗೊಳ್ಳುತ್ತಿತ್ತು. ಹುಚ್ಚುನಾಯಿ ಕಡಿತಕ್ಕೆ ಪ್ರಾಣಿಗಳ ನರಾಂಗಾಂಶದಿಂದ ತಯಾರಿಸಿದ ಲಸಿಕೆಯನ್ನು ಪಡೆದ ಕೆಲವರಿಗೆ ರೇಬೀಸ್ ಇಲ್ಲದಿದ್ದರೂ ಪಾರ್ಶ್ವವಾಯು ಬರುತ್ತಿತ್ತು. ಇದರ ಕಾರಣವನ್ನು ಅರಸಿದ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್ ಮತ್ತು ಸಂಗಡಿಗರು 1933 ಮತ್ತು 1935ರಲ್ಲಿ ಮೊಲದ ಮಿದುಳಿನ ದ್ರಾವಣವನ್ನು ಕೋತಿಗಳಿಗೆ ಪದೇ ಪದೇ ಚುಚ್ಚಿ, ಅವುಗಳಲ್ಲಿ ಉರಿಯೂತವನ್ನೂ ಮಯಲಿನ್ ನಾಶವನ್ನೂ ಉಂಟುಮಾಡಿದರು. ಈ ಕೋತಿಗಳಲ್ಲಿಯೂ ಗಾಯಗಳು ರಕ್ತನಾಳಗಳ ಸುತ್ತಲೇ ಇದ್ದವು. ಆದರೆ ಇಲ್ಲಿ ಯಾರೂ ನಾಳವನ್ನು ಮುಚ್ಚಿರಲಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ತನ್ನ ಮಯಲಿನ್ ಮೇಲೆ ತಿರುಗಿಬಿದ್ದಿದೆಯೆಂಬ ವಿವರಣೆಗೆ ಇದು ದಾರಿ ಮಾಡಿತು.

ಈ ಲಸಿಕೆಯ ಪ್ರಸಂಗ ಭಾರತಕ್ಕೂ ಸಂಬಂಧಿಸಿದ್ದು. ಡೇವಿಡ್ ಸೆಂಪಲ್ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ರೂಪಿಸಿದ, ಫೀನಾಲ್‌ನಿಂದ ನಿಷ್ಕ್ರಿಯಗೊಳಿಸಿದ ನರಾಂಗಾಂಶ ಲಸಿಕೆ ಹಲವು ದಶಕಗಳ ಕಾಲ ದೇಶದಲ್ಲಿ ಬಳಕೆಯಲ್ಲಿತ್ತು. ನಾಯಿ ಕಡಿದವರು ಹೊಟ್ಟೆಯ ಮೇಲೆ 14 ಚುಚ್ಚುಮದ್ದು ಹಾಕಿಸಿಕೊಳ್ಳಬೇಕಾಗಿದ್ದುದು ಕರ್ನಾಟಕದ ಹಿರಿಯರ ನೆನಪಿನಲ್ಲಿ ಉಳಿದಿದೆ. ಈ ಬಗೆಯ ಲಸಿಕೆಯಿಂದ ಉಂಟಾಗುವ ನರಸಂಬಂಧಿ ತೊಡಕುಗಳನ್ನು ಕುರಿತು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 1984ರಲ್ಲಿ ಅಧ್ಯಯನ ಪ್ರಕಟಿಸಿದರು. ನಂತರ ಕೋಶ ಕೃಷಿಯಿಂದ ತಯಾರಿಸಿದ ಸುರಕ್ಷಿತ ಲಸಿಕೆಗಳು ಇದರ ಸ್ಥಾನಕ್ಕೆ ಬಂದವು.

ನ್ಯೂಯಾರ್ಕ್ ವರ್ಷಗಳು

1939ರಲ್ಲಿ ಪಟ್ನಮ್ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿಯೂ ನ್ಯೂಯಾರ್ಕ್ ನರವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ನೇಮಕಗೊಂಡರು. ಅದೇ ವರ್ಷ ಅವರು ಎಂ.ಎಸ್. ಚಿಕಿತ್ಸೆಯ ಯಶಸ್ಸನ್ನು ಅಳೆಯುವ ಮಾನದಂಡಗಳನ್ನು ಕುರಿತು ಲೇಖನ ಬರೆದರು. ರೋಗ ತಾನಾಗಿಯೇ ಇಳಿಯುವ ಸ್ವಭಾವದ್ದಾದ್ದರಿಂದ ಯಾವ ಚಿಕಿತ್ಸೆ ಕೊಟ್ಟರೂ ಹಲವರು ಸುಧಾರಿಸಿದಂತೆ ಕಾಣುತ್ತಾರೆ, ಆದ್ದರಿಂದ ಸುಧಾರಣೆ ಮಾತ್ರವೇ ಚಿಕಿತ್ಸೆಯ ಗುಣಕ್ಕೆ ಪುರಾವೆಯಾಗದು ಎಂಬುದು ಅದರ ತಿರುಳು.

ಸಿದ್ಧಾಂತವನ್ನು ರೋಗಿಗಳಲ್ಲಿ ಪರೀಕ್ಷಿಸುವ ಅವಕಾಶ 1940ರ ದಶಕದಲ್ಲಿ ಒದಗಿತು. ಕೆಟ್ಟ ಸಿಹಿ ಕ್ಲೋವರ್ ಮೇವನ್ನು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದುದರ ಕಾರಣವನ್ನು ಹುಡುಕಿದ ವಿಸ್ಕಾನ್ಸಿನ್‌ನ ಕಾರ್ಲ್ ಪಾಲ್ ಲಿಂಕ್ ಅವರ ತಂಡ, ಆ ಮೇವಿನಿಂದ ಡೈಕೌಮರಾಲ್ ಎಂಬ ಹೆಪ್ಪುರೋಧಕವನ್ನು ಬೇರ್ಪಡಿಸಿತ್ತು. ಹೆಪ್ಪೇ ರೋಗದ ಮೂಲವಾದರೆ ಹೆಪ್ಪುರೋಧಕ ಮರುಕಳಿಕೆಯನ್ನು ತಡೆಯಬೇಕು. ಪಟ್ನಮ್, ವಿಯೆನ್ನಾದಿಂದ ಬಂದಿದ್ದ ಲುಡ್ವಿಗ್ ಕಿಯಾವಾಚಿ ಹಾಗೂ ಹಾನ್ಸ್ ಹಾಫ್ ಮೊದಲಾದವರೊಡನೆ, ಈ ಔಷಧವನ್ನು ರೋಗಿಗಳಿಗೆ ದೀರ್ಘಕಾಲ ಕೊಟ್ಟು 1947ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆರಳಿ ಇಳಿಯುವ ಬಗೆಯ ರೋಗದಲ್ಲಿ ಪ್ರಯೋಜನ ಕಂಡಂತಾಯಿತಾದರೂ ಔಷಧ ಪಡೆಯದ ಸಮಾನ ಗುಂಪಿನೊಂದಿಗೆ ಹೋಲಿಕೆ ನಡೆದಿರಲಿಲ್ಲ. ಎಂಟು ವರ್ಷಗಳ ಹಿಂದೆ ಅವರೇ ನೀಡಿದ್ದ ಎಚ್ಚರಿಕೆ ಈ ಫಲಿತಾಂಶಕ್ಕೂ ಅನ್ವಯಿಸುವಂತಿತ್ತು. ರಕ್ತಸ್ರಾವದ ಅಪಾಯವಿದ್ದುದರಿಂದ ರೋಗಿಗಳ ರಕ್ತವನ್ನು ಮೇಲಿಂದ ಮೇಲೆ ಪರೀಕ್ಷಿಸಬೇಕಾಗಿತ್ತು. ಈ ಚಿಕಿತ್ಸೆ ನೆಲೆಯೂರಲಿಲ್ಲ.

ಅದೇ 1947ರಲ್ಲಿ ಅವರ ಸಂಸ್ಥೆಯಿಂದಲೇ ಎದುರು ಪಕ್ಷದ ನಿರ್ಣಾಯಕ ಪ್ರಯೋಗವೊಂದು ಹೊರಬಂತು. 1941ರಲ್ಲಿ ಪಟ್ನಮ್ ಅವರ ವಿಭಾಗಕ್ಕೆ ಸೇರಿದ್ದ ರೋಗನಿರೋಧ ವಿಜ್ಞಾನಿ ಎಲ್ವಿನ್ ಕಾಬಟ್, ಅಬ್ನರ್ ವುಲ್ಫ್ ಮತ್ತು ಬೆಜರ್ ಅವರೊಡನೆ, ಮಿದುಳಿನ ಅಂಗಾಂಶವನ್ನು ರೋಗನಿರೋಧ ಪ್ರತಿಕ್ರಿಯೆ ಹೆಚ್ಚಿಸುವ ಪದಾರ್ಥದೊಡನೆ ಬೆರೆಸಿ ರೀಸಸ್ ಕೋತಿಗಳಿಗೆ ಚುಚ್ಚಿದರು. ರಿವರ್ಸ್ ಅವರಿಗೆ ಹತ್ತಾರು ಚುಚ್ಚುಮದ್ದುಗಳೂ ತಿಂಗಳುಗಳೂ ಬೇಕಾಗಿದ್ದ ರೋಗ ಈಗ ಕೆಲವೇ ಚುಚ್ಚುಮದ್ದುಗಳಿಂದ ಬೇಗನೆ ತಲೆದೋರಿತು. ಸ್ವತಃ ಆ ಕೋತಿಯದೇ ಜಾತಿಯ ಮಿದುಳಿನ ಅಂಗಾಂಶವೂ ಇದಕ್ಕೆ ಸಾಕಾಯಿತು. ಎಂ.ಎಸ್. ರೋಗಿಗಳ ಮಿದುಳು–ಬೆನ್ನುಹುರಿ ದ್ರವದಲ್ಲಿ ಗಾಮಾ ಗ್ಲಾಬ್ಯುಲಿನ್ ಹೆಚ್ಚಿರುವುದನ್ನೂ ಕಾಬಟ್ 1942ರಲ್ಲಿ ತೋರಿಸಿದ್ದರು. ಹೀಗೆ ತಮ್ಮ ಸಿದ್ಧಾಂತವನ್ನು ಹಿಂದಿಕ್ಕಿದ ಸಂಶೋಧನೆಗೆ ಪಟ್ನಮ್ ಅವರೇ ತಮ್ಮ ವಿಭಾಗದಲ್ಲಿ ಎಡೆ ನೀಡಿದ್ದರು.

ರಾಜೀನಾಮೆ ಮತ್ತು ಕೊನೆಯ ವರ್ಷಗಳು

ಯುರೋಪಿನಲ್ಲಿ ನಾಜಿ ಆಡಳಿತದಿಂದ ತಪ್ಪಿಸಿಕೊಂಡು ಬಂದ ವೈದ್ಯರಿಗೆ ಹಾಗೂ ಯಹೂದಿ ವಿಜ್ಞಾನಿಗಳಿಗೆ ಪಟ್ನಮ್ ಅವರು ಸಂಸ್ಥೆಯಲ್ಲಿ ಸ್ಥಾನ ನೀಡಿದ್ದರು. 1947ರಲ್ಲಿ ಅವರು ನಿರ್ದೇಶಕ ಪದವಿಯನ್ನು ತೊರೆಯಬೇಕಾಯಿತು. ಯಹೂದಿ ನರರೋಗತಜ್ಞರನ್ನು ಕೆಲಸದಿಂದ ತೆಗೆಯುವಂತೆ ಆಡಳಿತದಿಂದ ಒತ್ತಡವಿತ್ತು, ಅದಕ್ಕೆ ಒಪ್ಪದಿದ್ದುದೇ ತಮ್ಮ ನಿರ್ಗಮನಕ್ಕೆ ಕಾರಣ ಎಂದು ಅವರು ವರ್ಷಗಳ ನಂತರ ಪತ್ರವೊಂದರಲ್ಲಿ ತಿಳಿಸಿದ್ದಾರೆ. ನರರೋಗತಜ್ಞ ಲೂಯಿಸ್ ರೋಲೆಂಡ್ ಅವರು ಪಟ್ನಮ್ ಮತ್ತು ಮೆರಿಟ್ ಅವರನ್ನು ಕುರಿತು ಬರೆದ ಗ್ರಂಥದಲ್ಲಿ ಈ ಪ್ರಸಂಗವನ್ನು ವಿವರವಾಗಿ ಚರ್ಚಿಸಿದ್ದಾರೆ. ತೆರವಾದ ಸ್ಥಾನಕ್ಕೆ ಬಂದವರು ಫೆನಿಟಾಯಿನ್ ಸಂಶೋಧನೆಯ ಜೊತೆಗಾರರಾದ ಮೆರಿಟ್ ಅವರೇ. ಮೆರಿಟ್ ಮುಂದೆ ಅಮೆರಿಕದ ನರವಿಜ್ಞಾನದ ಅಗ್ರಗಣ್ಯರೆನಿಸಿದರು. ಪಟ್ನಮ್ ಅವರ ಹೆಸರು ಕ್ರಮೇಣ ಹಿಂದೆ ಸರಿಯಿತು.

ಪಟ್ನಮ್ ಕ್ಯಾಲಿಫೋರ್ನಿಯಾಕ್ಕೆ ತೆರಳಿ, ಲಾಸ್ ಏಂಜಲೀಸ್ ನಗರದ ಸೀಡರ್ಸ್ ಆಫ್ ಲೆಬನಾನ್ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು. 1975ರಲ್ಲಿ ನಿಧನರಾದರು.

ಸಿದ್ಧಾಂತದ ಮರುಹುಟ್ಟು ಮತ್ತು ಮರುಪರೀಕ್ಷೆ

ಅಭಿಧಮನಿ ಸಿದ್ಧಾಂತ ಸುಮಾರು ಆರು ದಶಕಗಳ ನಂತರ ಹೊಸ ರೂಪದಲ್ಲಿ ಮರಳಿತು. ಇಟಲಿಯ ಫೆರಾರಾ ನಗರದ ಪಾವೊಲೊ ಝಂಬೋನಿ ಅವರು 2009ರಲ್ಲಿ, ಕುತ್ತಿಗೆ ಮತ್ತು ಎದೆಯ ಅಭಿಧಮನಿಗಳು ಕಿರಿದಾಗಿ ಮಿದುಳಿನಿಂದ ರಕ್ತ ಸರಿಯಾಗಿ ಇಳಿಯದಿರುವುದು ಎಂ.ಎಸ್. ರೋಗಕ್ಕೆ ಸಂಬಂಧಿಸಿದೆಯೆಂದು ಪ್ರತಿಪಾದಿಸಿದರು. ಪಟ್ನಮ್ ಮಿದುಳಿನೊಳಗಿನ ಕಿರು ನಾಳಗಳ ಹೆಪ್ಪನ್ನು ಹೇಳಿದ್ದರೆ, ಝಂಬೋನಿ ಹೊರಗಿನ ದೊಡ್ಡ ನಾಳಗಳ ಇಕ್ಕಟ್ಟನ್ನು ಹೇಳಿದರು. ಬಲೂನಿನಿಂದ ನಾಳ ಹಿಗ್ಗಿಸುವ ಚಿಕಿತ್ಸೆಗಾಗಿ ಕೆನಡಾ ಮುಂತಾದ ದೇಶಗಳ ರೋಗಿಗಳು ಸ್ವಂತ ಖರ್ಚಿನಲ್ಲಿ ಪರದೇಶಗಳಿಗೆ, ಭಾರತಕ್ಕೂ, ಪ್ರಯಾಣ ಬೆಳೆಸಿದರು.

ಈ ಬಾರಿಯೂ ಪ್ರಾಣಿಮಾದರಿ ಪರೀಕ್ಷೆಗೆ ಬಂತು. ಇಲಿಗಳ ಕುತ್ತಿಗೆಯ ಅಭಿಧಮನಿಗಳನ್ನು ಕಟ್ಟಿ ತಿಂಗಳುಗಳ ಕಾಲ ಗಮನಿಸಿದ ತಂಡವೊಂದು, ಮಿದುಳಿನಲ್ಲಿ ಉರಿಯೂತವಾಗಲಿ ಮಯಲಿನ್ ನಾಶವಾಗಲಿ ಉಂಟಾಗಲಿಲ್ಲವೆಂದು 2012ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ವರದಿ ಮಾಡಿತು. ರೋಗಿಗಳ ಮೇಲೆ ನಡೆದ ಪರೀಕ್ಷೆಗಳು ಅಂತಿಮ ಉತ್ತರ ನೀಡಿದವು. ಝಂಬೋನಿ ಅವರೇ ನೇತೃತ್ವ ವಹಿಸಿದ ಇಟಲಿಯ ಪ್ರಯೋಗವೂ ಕೆನಡಾದ ಪ್ರಯೋಗವೂ ಹುಸಿ ಚಿಕಿತ್ಸೆಯೊಡನೆ ಹೋಲಿಸಿ, ನಾಳ ಹಿಗ್ಗಿಸುವುದರಿಂದ ಪ್ರಯೋಜನವಿಲ್ಲವೆಂದು 2018ರ ಹೊತ್ತಿಗೆ ತೋರಿಸಿದವು.

ಆದರೆ ರಕ್ತನಾಳಗಳ ಪಾತ್ರ ಪೂರ್ತಿಯಾಗಿ ಅಳಿಸಿಹೋಗಲಿಲ್ಲ. ಮಚ್ಚೆಯ ನಡುವೆ ಹಾಯುವ ಅಭಿಧಮನಿ ಇಂದು ಎಂ.ಆರ್.ಐ. ಚಿತ್ರದಲ್ಲಿ ಕಾಣಸಿಗುತ್ತದೆ, ಎಂ.ಎಸ್. ರೋಗವನ್ನು ಅದನ್ನು ಹೋಲುವ ಇತರ ರೋಗಗಳಿಂದ ಬೇರ್ಪಡಿಸಲು ಇದು ನೆರವಾಗುತ್ತದೆ. ಅಭಿಧಮನಿಯ ಗೋಡೆಯ ಮೂಲಕವೇ ಬಿಳಿ ರಕ್ತಕಣಗಳು ಮಿದುಳನ್ನು ಪ್ರವೇಶಿಸುವುದರಿಂದ ಮಚ್ಚೆಗಳು ಅದರ ಸುತ್ತ ಹುಟ್ಟುತ್ತವೆ ಎಂಬುದು ಈಗಿನ ವಿವರಣೆ. ಹೆಪ್ಪುಗಟ್ಟಿಸುವ ಫೈಬ್ರಿನ್ ಎಂಬ ಪ್ರೋಟೀನು ರಕ್ತನಾಳದಿಂದ ಸೋರಿ ಮಿದುಳಿನ ರಕ್ಷಕ ಕೋಶಗಳನ್ನು ಕೆರಳಿಸುತ್ತದೆಂದು 2007ರಿಂದೀಚೆಗೆ ಕಟೆರಿನಾ ಅಕಸೋಗ್ಲು ಅವರ ತಂಡ ಇಲಿಗಳಲ್ಲಿ ತೋರಿಸಿದೆ. ಇದು ಪಟ್ನಮ್ ಊಹಿಸಿದ ತಡೆಯಲ್ಲ. ಹೆಪ್ಪಿನ ವಸ್ತುವೇ ಉರಿಯೂತಕ್ಕೆ ಪ್ರಚೋದನೆಯಾಗುವ ಬೇರೊಂದು ಕ್ರಿಯೆ.

ಪರಂಪರೆ

ಪಟ್ನಮ್ ಅವರ ಎರಡು ಪ್ರಾಣಿಮಾದರಿಗಳ ಫಲ ಬೇರೆಬೇರೆಯಾದುದಕ್ಕೆ ಕಾರಣ ಅವು ಕೇಳಿದ ಪ್ರಶ್ನೆಗಳಲ್ಲಿದೆ. ಬೆಕ್ಕಿನ ಪರೀಕ್ಷೆ ರೋಗದ ಮೂಲವನ್ನು ಕೇಳಲಿಲ್ಲ. ಔಷಧ ಸೆಳವನ್ನು ತಡೆಯುತ್ತದೆಯೇ ಎಂದಷ್ಟೇ ಕೇಳಿತು, ಮತ್ತು ಉತ್ತರವನ್ನು ಕೂಡಲೇ ರೋಗಿಗಳಲ್ಲಿ ಪರಿಶೀಲಿಸಲು ಸಾಧ್ಯವಾಯಿತು. ನಾಯಿಯ ಪರೀಕ್ಷೆ ಗಾಯದ ಹೋಲಿಕೆಯಿಂದ ಕಾರಣವನ್ನು ನಿರ್ಣಯಿಸಲು ಯತ್ನಿಸಿತು. ಬೇರೆ ಬೇರೆ ಕಾರಣಗಳಿಂದಲೂ ಒಂದೇ ಬಗೆಯ ಗಾಯ ಹುಟ್ಟಬಲ್ಲದೆಂಬುದನ್ನು ರಿವರ್ಸ್ ಮತ್ತು ಕಾಬಟ್ ಅವರ ಕೋತಿಗಳು ತೋರಿಸಿದವು.

ಅಮೆರಿಕದ ಅಪಸ್ಮಾರ ಸಂಘ ಮೆರಿಟ್–ಪಟ್ನಮ್ ಹೆಸರಿನಲ್ಲಿ ವಿಚಾರಸಂಕಿರಣ ನಡೆಸುತ್ತದೆ. ಹೊಸ ಔಷಧಗಳು ಬಂದ ಮೇಲೂ ಅಗ್ಗದ ಬೆಲೆಯ ಕಾರಣ ಫೆನಿಟಾಯಿನ್ ಭಾರತದ ಗ್ರಾಮೀಣ ಪ್ರದೇಶಗಳಲ್ಲಿ ಅಪಸ್ಮಾರದ ಮುಖ್ಯ ಔಷಧವಾಗಿ ಉಳಿಯಿತು. ಬೆಂಗಳೂರಿನ ನರರೋಗತಜ್ಞ ಕೆ. ಎಸ್. ಮಣಿ ಮತ್ತು ಸಹೋದ್ಯೋಗಿಗಳು ಇಂದಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಹಳ್ಳಿಯ ರೋಗಿಗಳಿಗೆ ಫೀನೋಬಾರ್ಬಿಟಾಲ್ ಅಥವಾ ಫೆನಿಟಾಯಿನ್ ಕೊಟ್ಟು ವರ್ಷಗಳ ಕಾಲ ನಡೆಸಿದ ಅಧ್ಯಯನ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಡಿಮೆ ಖರ್ಚಿನ ಹಳೆಯ ಔಷಧಗಳಿಂದಲೇ ಹಳ್ಳಿಗಳಲ್ಲಿ ಅಪಸ್ಮಾರವನ್ನು ಹತೋಟಿಗೆ ತರಬಹುದೆಂದು ತೋರಿಸಿದ ಈ ಕೆಲಸ ಯಳಂದೂರು ಅಧ್ಯಯನ ಎಂದು ಹೆಸರಾಗಿದೆ.